ಮದ್ದುಗುಂಡಿನ ಹೊರೆ: ಮಿರಜ ಸೀಮೆಯ ಪರಶುರಾಮ ಭಾವು

ಬೇಟೆಗೆ ಹೊರಡುವವನಿಗೆ ಕೋವಿಯ ಚಿಂತೆಗಿಂತ ಮದ್ದುಗುಂಡಿನ ಚಿಂತೆಯೇ ದೊಡ್ಡದು. ನಳಿಗೆಯ ಬಾಯಿಯಿಂದ ಮದ್ದು ಸುರಿದು ಗಜದಿಂದ ಜಡಿಯುವ ನಾಡಕೋವಿಯ ಕಾಲದಲ್ಲಿ ಕಾಡಿಗೆ ಹೋಗುವವನು ಮದ್ದನ್ನು ಕೊಂಬಿನಲ್ಲಿ ತುಂಬಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಗುಂಡು, ಚರೆಗಳನ್ನು ಸೊಂಟದ ಚೀಲದಲ್ಲಿ ಬೇರೆಯಾಗಿ ಕಟ್ಟಿಕೊಳ್ಳುತ್ತಿದ್ದ. ಹೆಚ್ಚು ಹೊತ್ತರೆ ಗುಡ್ಡ ಏರುವಾಗ ಏದುಸಿರು. ಕಡಿಮೆ ಹೊತ್ತರೆ ಗಾಯಗೊಂಡ ಹಂದಿ ತಿರುಗಿಬಿದ್ದಾಗ ಬರಿಗೈ. ಮಳೆ ಬಂದು ಮದ್ದು ನೆನೆದರಂತೂ ಕೋವಿಗೂ ದೊಣ್ಣೆಗೂ ಭೇದವಿಲ್ಲ. ಎಷ್ಟು ಹೊರಬೇಕು, ಹೇಗೆ ಹೊರಬೇಕು ಎಂಬುದನ್ನು ಮನೆಯಂಗಳದಲ್ಲೇ ತೀರ್ಮಾನಿಸಬೇಕು. ಕಾಡಿನ ನಡುವೆ ತೀರ್ಮಾನಿಸಲು ಹೊರಟರೆ ಕಾಲ ಮೀರಿರುತ್ತದೆ.

ಒಬ್ಬ ಬೇಟೆಗಾರನ ಈ ಲೆಕ್ಕವನ್ನೇ ಹಿಗ್ಗಿಸಿದರೆ ಒಂದು ಸೈನ್ಯದ ಲೆಕ್ಕ ಸಿಗುತ್ತದೆ. ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಯುದ್ಧವೆಂದರೆ ಶೌರ್ಯ, ದ್ರೋಹ ಮತ್ತು ಒಪ್ಪಂದ. ಗುಂಡು ಹೊತ್ತ ಎತ್ತಿನ ಮಾತು ಅಲ್ಲಿ ಬರುವುದಿಲ್ಲ. ಆದರೆ ಮಿರಜ ಸೀಮೆಯ ಸರದಾರ ಪರಶುರಾಮ ಭಾವು ಪಟವರ್ಧನನ ಜೀವನವನ್ನು ಓದುವಾಗ, ಅವನ ಗೆಲುವು ಸೋಲುಗಳ ಹಿಂದೆ ಕತ್ತಿಗಿಂತ ಹೆಚ್ಚಾಗಿ ಆ ಎತ್ತೇ ಕಾಣಿಸುತ್ತದೆ.

ಪಟವರ್ಧನರು ಮೂಲತಃ ಕೊಂಕಣದವರು. ಹರಿಭಟ್ಟನೆಂಬ ವೈದಿಕ ಬ್ರಾಹ್ಮಣ ಇಚಲಕರಂಜಿಯ ಘೋರ್ಪಡೆ ಮನೆತನದ ಪುರೋಹಿತನಾಗಿ ಬಂದು ನೆಲೆಸಿದ. ಅವನ ಮಕ್ಕಳು ಪೌರೋಹಿತ್ಯ ಬಿಟ್ಟು ಕುದುರೆ ಏರಿದರು. 1760ರ ದಶಕದಲ್ಲಿ ಪೇಶ್ವೆ ಮಾಧವರಾವ್ ಕೃಷ್ಣಾ ತೀರದ ಮಿರಜ ಕೋಟೆಯನ್ನೂ ಅದರ ಸುತ್ತಲಿನ ದೊಡ್ಡ ಜಹಗೀರನ್ನೂ ಈ ಮನೆತನಕ್ಕೆ ಕೊಟ್ಟ. ಹೈದರಾಲಿ ಉತ್ತರಕ್ಕೆ ಬಾರದಂತೆ ತಡೆಯುವುದು ಅದಕ್ಕೆ ಪ್ರತಿಯಾಗಿ ಒಪ್ಪಿಕೊಂಡ ಕೆಲಸ. ಹರಿಭಟ್ಟನ ಮಗ ರಾಮಚಂದ್ರನ ಮಗನೇ ಪರಶುರಾಮ. 1740ರ ಆಸುಪಾಸಿನಲ್ಲಿ ಹುಟ್ಟಿದ ಇವನ ಠಾಣೆ ಮಿರಜದ ಉತ್ತರಕ್ಕಿರುವ ತಾಸಗಾಂವ. ಸಾಂಗಲಿ ಆಗ ಹೆಸರಿಲ್ಲದ ಸಣ್ಣ ಊರು.

ಈ ಮನೆತನದವರ ಹೆಚ್ಚಿನ ಕಾಳಗಗಳು ನಡೆದದ್ದು ಕನ್ನಡದ ನೆಲದ ಮೇಲೆ. 1777ರಲ್ಲಿ ಧಾರವಾಡದ ಸಮೀಪ ಹೈದರನ ಸೇನೆಯೊಡನೆ ನಡೆದ ಕಾಳಗದಲ್ಲಿ ಕೊನ್ಹೇರರಾವ್ ಮಡಿದ. ಪಾಂಡುರಂಗರಾವ್ ಸೆರೆಸಿಕ್ಕಿ ಶ್ರೀರಂಗಪಟ್ಟಣದ ಬಂದಿಯಾಗಿಯೇ ಸತ್ತ. 1785ರಲ್ಲಿ ಟಿಪ್ಪು ನರಗುಂದವನ್ನು ಮುತ್ತಿದಾಗ ಅಲ್ಲಿಯ ವೆಂಕಟರಾವ್ ಭಾವೆಯನ್ನು ಬಿಡಿಸಲು ಹೋದ ಪರಶುರಾಮ ಭಾವು ಕೈಲಾಗದೆ ಹಿಂದಿರುಗಿದ. ಮೈಸೂರಿನವರ ಮೇಲೆ ಅವನಿಗಿದ್ದ ಹಗೆ ರಾಜಕಾರಣದ್ದಷ್ಟೇ ಅಲ್ಲ, ಮನೆಯದೂ ಆಗಿತ್ತು.

ಅವನ ಕೈಚಳಕ ಎದ್ದು ಕಂಡದ್ದು 1781ರಲ್ಲಿ, ಇಂಗ್ಲಿಷರ ವಿರುದ್ಧ. ಜನರಲ್ ಗಾಡರ್ಡ್ ಪುಣೆಯ ಮೇಲೆ ಕಣ್ಣಿಟ್ಟು ಭೋರ್ ಘಟ್ಟದವರೆಗೆ ಏರಿ ಬಂದಿದ್ದ. ಅವನ ಅಕ್ಕಿ, ಮದ್ದು, ಗುಂಡು ಎಲ್ಲವೂ ಕೆಳಗಿನ ಪನವೇಲದಿಂದ ಎತ್ತುಗಳ ಮೇಲೆ ಬರಬೇಕು. ಪರಶುರಾಮ ಭಾವು ಮುಂದಿನ ಸೇನೆಯನ್ನು ಮುಟ್ಟದೆ ಹಿಂದಿನ ಎತ್ತಿನ ಸಾಲನ್ನು ಹಿಡಿದ. ಘಟ್ಟದ ಕಾಡಿನಲ್ಲಿ ಅಡಗಿ ಬಂದು ಹೊಡೆಯುವುದು, ಎದುರಾಳಿ ಸಾಲುಗಟ್ಟುವ ಮುಂಚೆ ಮಾಯವಾಗುವುದು. ಕೊನೆಗೆ ಗಾಡರ್ಡ್ ಘಟ್ಟ ಇಳಿದು ಹಿಮ್ಮೆಟ್ಟಬೇಕಾಯಿತು. ಹಾದಿಯಲ್ಲಿ ಅವನ ಕಡೆಯ ನಾನೂರಕ್ಕೂ ಮಿಕ್ಕಿದ ಜನ ಸತ್ತರು ಇಲ್ಲವೆ ಗಾಯಗೊಂಡರು. ಇದು ಬೇಟೆಗಾರನ ಯುದ್ಧ. ಸವಾರನೊಬ್ಬನಿಗೆ ಈಟಿ, ಕತ್ತಿ, ಜೀನಿನ ಚೀಲದಲ್ಲಿ ಹಿಡಿ ಧಾನ್ಯ ಇದ್ದರೆ ಸಾಕು. ಹಗುರವಾಗಿರುವುದೇ ಅಲ್ಲಿ ಆಯುಧ.

ಆದರೆ ಕೋಟೆಯ ಗೋಡೆ ಹಂದಿಯಂತೆ ಓಡುವುದಿಲ್ಲ. ಅದು ನಿಂತಲ್ಲೇ ನಿಂತು ಗುಂಡು ಬೇಡುತ್ತದೆ.

1790ರಲ್ಲಿ ಪೇಶ್ವೆ, ನಿಜಾಮ ಮತ್ತು ಇಂಗ್ಲಿಷ್ ಕಂಪೆನಿ ಒಂದಾಗಿ ಟಿಪ್ಪುವಿನ ಮೇಲೆ ಯುದ್ಧ ಹೂಡಿದಾಗ, ಹತ್ತು ವರ್ಷಗಳ ಹಿಂದೆ ಯಾರ ಎತ್ತುಗಳನ್ನು ಹೊಡೆದಿದ್ದನೋ ಅವರೇ ಪರಶುರಾಮ ಭಾವುವಿಗೆ ನಂಟರಾದರು. ಮುಂಬಯಿಯಿಂದ ಕ್ಯಾಪ್ಟನ್ ಲಿಟಲ್ ಎಂಬವನು ಎರಡು ಪಟಾಲಂ ಸಿಪಾಯಿಗಳೊಡನೆ ಕೊಂಕಣದಲ್ಲಿ ಇಳಿದು, ಅಂಬಾ ಘಟ್ಟ ಹತ್ತಿ ಮಿರಜ ಸೀಮೆಗೆ ಬಂದು ಸೇರಿಕೊಂಡ. ಎರಡೂ ಕಡೆಯವರು ಮದ್ದು ಹೊರುವ ರೀತಿಯೇ ಬೇರೆ. ಕಂಪೆನಿಯ ಸಿಪಾಯಿ ಅಳತೆಯ ಮದ್ದನ್ನೂ ಗುಂಡನ್ನೂ ಒಟ್ಟಿಗೆ ಸುತ್ತಿದ ಕಾಗದದ ತೋಟೆಗಳನ್ನು ಚರ್ಮದ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ತೂಗುಹಾಕಿಕೊಂಡಿದ್ದ. ಹಲ್ಲಿನಿಂದ ಹರಿದು ನಳಿಗೆಗೆ ಸುರಿದರಾಯಿತು. ಮರಾಠಾ ಕಾಲಾಳುಗಳಲ್ಲಿ ಹಲವರದು ಇನ್ನೂ ಬತ್ತಿ ಹಚ್ಚಿ ಹಾರಿಸುವ ಬಂದೂಕು. ಮದ್ದು ಬೇರೆ, ಗುಂಡು ಬೇರೆ, ಉರಿಯುವ ಬತ್ತಿ ಬೇರೆ. ನಮ್ಮ ಬೇಟೆಗಾರನ ಕೊಂಬು ಮತ್ತು ಚೀಲದ ಪದ್ಧತಿಯೇ ಅದು.

ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದವನು ಟಿಪ್ಪುವಿನ ಅನುಭವಿ ಸರದಾರ ಬದ್ರುಜ್ಜಮಾನ್ ಖಾನ್. ಇಲ್ಲಿ ಸ್ವಲ್ಪ ಗಣಿತ ಮಾಡಿ ನೋಡೋಣ. ಗೋಡೆ ಒಡೆಯುವ ಹದಿನೆಂಟು ಪೌಂಡಿನ ಒಂದು ಗುಂಡಿನ ತೂಕ ಎಂಟು ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು. ಅದನ್ನು ಹಾರಿಸಲು ಸುಮಾರು ಅದರ ಮೂರನೆಯ ಒಂದು ಪಾಲು ತೂಕದ ಮದ್ದು ಬೇಕು. ಒಂದು ಎತ್ತು ಎಂಬತ್ತು ಕಿಲೋ ಹೊರುತ್ತದೆಂದು ಹಿಡಿದರೂ ಅದರ ಬೆನ್ನಿಗೆ ಹತ್ತು ಗುಂಡು ದಾಟದು. ದಿನಕ್ಕೆ ನೂರು ಸಲ ಹಾರಿಸಬೇಕಾದರೆ ಗುಂಡಿಗೇ ಹತ್ತು ಎತ್ತು, ಮದ್ದಿಗೆ ಮೂರು ನಾಲ್ಕು. ಪುಣೆಯಿಂದ ಧಾರವಾಡಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನಡುವೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಹೇರಿದ ಎತ್ತು ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರು ನಡೆದರೆ ಹೋಗುವುದಕ್ಕೇ ಮೂರು ವಾರ ಮೀರುತ್ತದೆ. ಅದು ದಾರಿಯಲ್ಲಿ ಮೇಯಬೇಕು. ಮೇವು ಸಿಗದಿದ್ದರೆ ಮೇವನ್ನೂ ಹೊರಬೇಕು. ಹೊರುವ ಹೊರೆಯನ್ನು ಹೊರೆಯೇ ತಿನ್ನತೊಡಗುತ್ತದೆ.

ಹೀಗಾಗಿ ಮರಾಠಾ ತೋಪುಗಳ ಮುಂದೆ ಗುಂಡೂ ಮದ್ದೂ ರಾಶಿ ಬೀಳಲಿಲ್ಲ. ಲಿಟಲ್‌ನ ದಳದಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿ 1794ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಮುತ್ತಿಗೆಯ ಚಿತ್ರವಿದೆ. ಒಂದು ತೋಪನ್ನು ತುಂಬಿದ ಮೇಲೆ ಗೋಲಂದಾಜರು ಕುಳಿತು ಹೊಗೆ ಸೇದುತ್ತ ಅರ್ಧ ಗಂಟೆ ಹರಟುತ್ತಿದ್ದರಂತೆ. ಆಮೇಲೆ ಹಾರಿಸಿ, ಗೋಡೆಯಿಂದ ಧೂಳೆದ್ದರೆ ತೃಪ್ತಿಪಡುತ್ತಿದ್ದರಂತೆ. ನಡುಹಗಲಿನ ಊಟದ ಹೊತ್ತಿಗೆ ಎರಡೂ ಕಡೆ ತೋಪುಗಳು ಸುಮ್ಮನಿರುತ್ತಿದ್ದವಂತೆ. ಒಂದೇ ಜಾಗಕ್ಕೆ ಹೊಡೆಯದೆ ಗೋಡೆಯುದ್ದಕ್ಕೂ ಗುಂಡು ಚೆಲ್ಲುತ್ತಿದ್ದುದೂ ಅವನಿಗೆ ನಗೆಗೀಡು. ಇಂಗ್ಲಿಷ್ ಲೇಖಕರು ಇದನ್ನು ಸೋಮಾರಿತನವೆಂದು ಬರೆದು ಮುಗಿಸಿಬಿಟ್ಟರು. ನನಗೆ ಹಾಗೆ ಅನ್ನಿಸುವುದಿಲ್ಲ. ಕೊಂಬಿನಲ್ಲಿ ಎರಡೇ ಈಡಿಗಾಗುವ ಮದ್ದು ಉಳಿದಿರುವ ಬೇಟೆಗಾರನೂ ಮರದಡಿ ಕುಳಿತು ಹೊಗೆ ಸೇದುತ್ತಾನೆ. ಒಂದೇ ಕಡೆ ಹೊಡೆಯದಿದ್ದುದಕ್ಕೆ ಮಾತ್ರ ಸಮರ್ಥನೆಯಿಲ್ಲ. ಕಡಿಮೆ ಮದ್ದಿರುವವನು ಹಾಗೆ ಚೆಲ್ಲಬಾರದು.

ಮುಂಬಯಿಯಿಂದ ಕರ್ನಲ್ ಫ್ರೆಡರಿಕ್ ಹೆಚ್ಚಿನ ದಂಡಿನೊಡನೆ ಬಂದರೂ ಗೋಡೆಯೊಡೆಯುವ ಸಾಮಗ್ರಿಯ ಕೊರತೆ ನೀಗಲಿಲ್ಲ. ತಾಳ್ಮೆಗೆಟ್ಟ ಅವನು 1791ರ ಫೆಬ್ರವರಿಯಲ್ಲಿ, ಗೋಡೆ ಸರಿಯಾಗಿ ಬಿರಿಯುವ ಮುಂಚೆಯೇ ಲಗ್ಗೆ ಹತ್ತಿಸಿ ಸೋತ. ಮಾರ್ಚಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಕೋಟೆ ಕೈಸೇರಿದ್ದು ಏಪ್ರಿಲಿನ ಮೊದಲಲ್ಲಿ, ಒಟ್ಟು ಇಪ್ಪತ್ತೊಂಬತ್ತು ವಾರಗಳ ಮೇಲೆ. ಅದೂ ಲಗ್ಗೆಯಿಂದಲ್ಲ, ಮಾತುಕತೆಯಿಂದ. ಗೌರವದಿಂದ ಹೊರಬಿಡುವ ಕರಾರಿದ್ದರೂ ದಾರಿಯಲ್ಲಿ ಜಗಳ ಎದ್ದು, ಖಾನ್ ಗಾಯಗೊಂಡು ಮರಾಠರ ಸೆರೆಯಾದ. ಭಾವುವಿನ ಹೆಸರಿಗೆ ಅದೊಂದು ಕಪ್ಪು ಚುಕ್ಕೆ.

ಅದಕ್ಕಿಂತ ದೊಡ್ಡ ಚುಕ್ಕೆ ಶೃಂಗೇರಿಯದು. ಧಾನ್ಯ ಹೊರದೆ ಹಗುರವಾಗಿ ನಡೆಯುವ ಸೈನ್ಯ ಹೋದಲ್ಲಿ ಉಣ್ಣಬೇಕು. ಅಂದರೆ ರೈತನ ಹಗೇವು, ಬಣವೆ, ಕೊಟ್ಟಿಗೆಗಳೇ ಅದರ ಉಗ್ರಾಣ. ಅದರ ಬೆನ್ನಿಗೆ ಸಂಬಳವಿಲ್ಲದ, ಲೂಟಿಯನ್ನೇ ನಂಬಿದ ಪಿಂಡಾರಿಗಳ ಹಿಂಡು. 1791ರಲ್ಲಿ ಇದೇ ಮನೆತನದ ರಘುನಾಥರಾವ್ ಪಟವರ್ಧನನ ಕಡೆಯ ಜನ ಶೃಂಗೇರಿ ಮಠವನ್ನೇ ದೋಚಿದರು. ಬ್ರಾಹ್ಮಣ ಸರದಾರರ ಸೈನ್ಯ ಶಾರದೆಯ ಸನ್ನಿಧಿಯನ್ನು ಸೂರೆಮಾಡಿದಾಗ, ಪುನಃ ಪ್ರತಿಷ್ಠೆಗೆ ಹಣ ಕಳುಹಿಸಿ ಸ್ವಾಮಿಗಳಿಗೆ ಪತ್ರ ಬರೆದವನು ಟಿಪ್ಪು. ಆ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಯಾವ ಅಭಿಪ್ರಾಯವೇ ಇರಲಿ, ಈ ಸಂಗತಿಯನ್ನು ಅಳಿಸಲಾಗದು. ಹಗುರವಾಗಿ ನಡೆಯುವ ಯುದ್ಧದ ಭಾರವನ್ನು ಹೊತ್ತವರು ಯಾರೆಂದು ತಿಳಿಯಲು ಇಷ್ಟು ಸಾಕು.

ಹಾಗಾದರೆ ಎಲ್ಲವನ್ನೂ ಹೊತ್ತುಕೊಂಡು ಹೋಗುವುದು ಮೇಲೆಂದೀರಾ? ಅದೇ ವರ್ಷ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಅದನ್ನೂ ಪರೀಕ್ಷಿಸಿದ. ಬೆಂಗಳೂರನ್ನು ಹಿಡಿದ ಹುಮ್ಮಸ್ಸಿನಲ್ಲಿ ಅವನು ಭಾರೀ ತೋಪುಗಳನ್ನೂ ಗುಂಡು ಮದ್ದಿನ ರಾಶಿಯನ್ನೂ ಎಳೆಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪು ಎದುರು ನಿಂತು ಕಾದುವುದಕ್ಕೆ ಮೊದಲು ದಾರಿಯ ಹುಲ್ಲನ್ನೂ ಹಳ್ಳಿಗಳನ್ನೂ ಸುಡಿಸಿದ. ಎತ್ತುಗಳು ಸಾಲುಸಾಲಾಗಿ ಸತ್ತವು. ಅರಕೆರೆಯಲ್ಲಿ ಮೇ 15ರಂದು ಕಾಳಗ ಗೆದ್ದರೂ ತೋಪುಗಳನ್ನು ಮುಂದೆ ಒಯ್ಯುವ ದಾರಿಯಿರಲಿಲ್ಲ. ಸಿಪಾಯಿಗಳೇ ನೊಗಕ್ಕೆ ಹೆಗಲು ಕೊಟ್ಟು ಕನ್ನಂಬಾಡಿಯವರೆಗೆ ಎಳೆದರು. ಅಲ್ಲಿ ಕೊನೆಗೆ ತೋಪುಗಳನ್ನು ಒಡೆದುಹಾಕಿ ಗುಂಡು ಮದ್ದುಗಳನ್ನು ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. (ಆ ಹಳೆಯ ಕನ್ನಂಬಾಡಿ ಊರು ಈಗ ಕೃಷ್ಣರಾಜಸಾಗರದ ನೀರಿನಡಿ ಇದೆ.)

ಹಿಮ್ಮೆಟ್ಟಲು ತೊಡಗಿದಾಗ ಮೇಲುಕೋಟೆಯ ಕಡೆಯಿಂದ ಕುದುರೆ ಸವಾರರ ದೊಡ್ಡ ದಂಡೊಂದು ಕಾಣಿಸಿತು. ಮೊದಲು ಟಿಪ್ಪುವಿನ ಕಡೆಯವರೆಂದೇ ಭಾವಿಸಿದ್ದರು. ಅದು ಹರಿಪಂತ ಫಡಕೆ ಮತ್ತು ಪರಶುರಾಮ ಭಾವುವಿನ ಸೇನೆ! ಅಷ್ಟು ಹತ್ತಿರ ಬಂದಿದ್ದರೂ ಒಬ್ಬರ ಸುದ್ದಿ ಒಬ್ಬರಿಗೆ ತಲುಪದಂತೆ ಟಿಪ್ಪುವಿನ ಸವಾರರು ಓಲೆಕಾರರನ್ನು ಹಿಡಿಯುತ್ತಿದ್ದರು. ಹಸಿದ ಇಂಗ್ಲಿಷ್ ದಂಡಿಗೆ ಮರಾಠಾ ಪಾಳೆಯದ ಸಂತೆ ಕಾಮಧೇನುವಾಯಿತು. ಧಾನ್ಯದಿಂದ ಹಿಡಿದು ಕಾಶ್ಮೀರದ ಶಾಲಿನವರೆಗೆ ಎಲ್ಲವೂ ಅಲ್ಲಿತ್ತು, ಬೆಲೆ ಮಾತ್ರ ಬಾಯಿಗೆ ಬಂದಷ್ಟು. ಗುಂಡು ಇದ್ದವನಲ್ಲಿ ಎತ್ತು ಇರಲಿಲ್ಲ, ಎತ್ತು ಇದ್ದವನಲ್ಲಿ ಗುಂಡು ಇರಲಿಲ್ಲ. ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ವರ್ಷ ಹೊರಡುವ ಮುನ್ನ ಸಾವಿರಾರು ಎತ್ತುಗಳುಳ್ಳ ಲಮಾಣಿ ತಾಂಡಾಗಳನ್ನು ಒಲಿಸಿಕೊಂಡ. ಬೆನ್ನ ಮೇಲೆ ಗೋಣಿ ಹೊತ್ತು ದಾರಿಬದಿಯ ಹುಲ್ಲನ್ನೇ ಮೇಯುತ್ತ ನಡೆವ ಆ ಎತ್ತುಗಳು ಶ್ರೀರಂಗಪಟ್ಟಣದ ಪತನಕ್ಕೆ ಯಾವ ಪಟಾಲಂಗೂ ಕಡಿಮೆಯಿಲ್ಲದಷ್ಟು ದುಡಿದವು.

ಪರಶುರಾಮ ಭಾವು ಮಾತ್ರ ತನ್ನ ಹಳೆಯ ದಾರಿಗೇ ಮರಳಿದ. ಶಿವಮೊಗ್ಗದ ಕಡೆ ಹೋಗಿ, 1791ರ ಡಿಸೆಂಬರಿನಲ್ಲಿ ಲಿಟಲ್‌ನ ಸಿಪಾಯಿಗಳು ಕಾಡಿನೊಳಗೆ ಹೋರಾಡಿ ಗೆದ್ದುಕೊಟ್ಟ ಕಾಳಗದ ಮೇಲೆ ಶಿವಮೊಗ್ಗದ ಕೋಟೆಯನ್ನು ಪಡೆದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಗಿದ್ದವನು ಬಿದನೂರಿನ ಸಂಪತ್ತಿನ ಆಸೆಗೆ ಪಶ್ಚಿಮಕ್ಕೆ ತಿರುಗಿದ. ಅವನು ಶ್ರೀರಂಗಪಟ್ಟಣ ತಲುಪುವಾಗ 1792ರ ಯುದ್ಧ ನಿಂತುಹೋಗಿತ್ತು. ಒಪ್ಪಂದದಲ್ಲಿ ಮಲಬಾರು ಕಂಪೆನಿಗೆ ಹೋಯಿತು, ಧಾರವಾಡದ ಸೀಮೆ ಮರಾಠರದಾಯಿತು. ನಮ್ಮ ಬೇಕಲ, ಕುಂಬಳೆಗಳು ಕಂಪೆನಿಯ ಕೈಗೆ ಬಂದದ್ದು ಟಿಪ್ಪು ಮಡಿದ 1799ರಲ್ಲಿ.

1795ರ ಖರ್ಡಾ ಯುದ್ಧದಲ್ಲಿ ನಿಜಾಮನ ವಿರುದ್ಧ ಮರಾಠಾ ಸೇನೆಯ ನಾಯಕತ್ವ ಇವನಿಗೇ ಸಿಕ್ಕಿತು. ಅದು ಅವನ ಬಾಳಿನ ಶಿಖರ. ಆಮೇಲೆ ಪುಣೆಯ ಗದ್ದುಗೆಯ ಒಳಜಗಳದಲ್ಲಿ ಸಿಕ್ಕಿಕೊಂಡು ಸೆರೆಮನೆಯನ್ನೂ ಕಂಡ. ಅವನ ವಿಷಯದಲ್ಲಿ ಯುದ್ಧಕ್ಕೆ ಸಂಬಂಧಿಸದ ಒಂದು ಮಾತನ್ನು ಮರೆಯಬಾರದು: ಬಾಲ್ಯದಲ್ಲೇ ವಿಧವೆಯಾದ ಮಗಳಿಗೆ ಮರುಮದುವೆ ಮಾಡಿಸಬಹುದೇ ಎಂದು ಅವನು ಪಂಡಿತರನ್ನು ವಿಚಾರಿಸಿದ್ದನೆಂಬುದನ್ನು ಮಹಾರಾಷ್ಟ್ರದ ಸುಧಾರಕರು ಮುಂದೆ ಮತ್ತೆ ಮತ್ತೆ ನೆನೆದಿದ್ದಾರೆ. ಮದುವೆ ಮಾತ್ರ ನಡೆಯಲಿಲ್ಲ.

ಸೆರೆಯಿಂದ ಬಿಡುಗಡೆಯಾದವನು ಸಾತಾರಾದ ಗಲಭೆ ಅಡಗಿಸಿ, ಕೊಲ್ಲಾಪುರದವರ ಮೇಲೆ ನಡೆದ. ಪಟವರ್ಧನರಿಗೂ ಕೊಲ್ಲಾಪುರದ ಛತ್ರಪತಿಗೂ ಹಳೆಯ ವೈರ. 1799ರ ಸೆಪ್ಟೆಂಬರಿನಲ್ಲಿ ನಿಪ್ಪಾಣಿ ಸೀಮೆಯ ಪಟ್ಟಣಕುಡಿಯ ಬಳಿ ನಡೆದ ಕಾಳಗದಲ್ಲಿ ಮಡಿದ. ಆ ಊರು ಈಗ ಬೆಳಗಾವಿ ಜಿಲ್ಲೆಯಲ್ಲಿದೆ. ಅರುವತ್ತರ ಹೊಸ್ತಿಲಲ್ಲಿದ್ದ ಸರದಾರ ಸತ್ತದ್ದೂ ಕನ್ನಡದ ನೆಲದ ಮೇಲೆಯೇ.

ಅವನ ಒಬ್ಬ ಮಗನ ವಂಶ ಜಮಖಂಡಿಯನ್ನು ಆಳಿತು. ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿ ಸತ್ತ ಪಾಂಡುರಂಗರಾವ್‌ನ ಮಗ ಚಿಂತಾಮಣರಾವ್ ಮಿರಜದ ಚಿಕ್ಕಪ್ಪನೊಡನೆ ಜಗಳಾಡಿ ಹೊರಬಂದು ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡ. ಬೆಳಗಾವಿಯ ಶಹಾಪುರ, ತೇರದಾಳಗಳೂ ಆ ಸಂಸ್ಥಾನಕ್ಕೆ ಸೇರಿದ್ದವು. ಕನ್ನಡ ನಾಡಿನಿಂದ ಬಂದ ಯಕ್ಷಗಾನದ ಮೇಳವೊಂದರ ಆಟ ನೋಡಿ ಮೆಚ್ಚಿ, ಮರಾಠಿಯಲ್ಲೂ ಅಂಥದನ್ನು ಕಟ್ಟೆಂದು ವಿಷ್ಣುದಾಸ ಭಾವೆಗೆ ಹೇಳಿದವನು ಇವನೇ. 1843ರಲ್ಲಿ ಮೊದಲ ಮರಾಠಿ ನಾಟಕ ಸಾಂಗಲಿಯಲ್ಲಿ ರಂಗಕ್ಕೆ ಬಂತು. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದು ಕೇಳಲು ಹಿತವಾದ ಮಾತು. ಸಂಸ್ಥಾನಗಳು ಹೋಗಿ ಭಾಷೆಯ ಗೆರೆಗಳು ಬಂದ ಮೇಲೆ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಸಾಂಗಲಿ ಜಿಲ್ಲೆಯಲ್ಲೇ ಉಳಿದವು, ನಾವು ಇಲ್ಲಿ ಉಳಿದಂತೆ.

ಮಿರಜದಲ್ಲಿ ಪಟವರ್ಧನರ ದಂಡಿಗೆ ಆಯುಧ ಮಸೆದು ಹೊಳಪು ಕೊಡುವ ಶಿಕಲಗಾರ ಮನೆತನಗಳಿದ್ದವು. ಇಂಗ್ಲಿಷರ ಆಳ್ವಿಕೆಯಲ್ಲಿ ಯುದ್ಧಗಳು ನಿಂತು ಆ ಕಸುಬಿಗೆ ಬೇಡಿಕೆ ತಪ್ಪಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅವರಲ್ಲಿ ಕೆಲವರು ಒಣಗಿದ ದೊಡ್ಡ ಕುಂಬಳ ಜಾತಿಯ ಬುರುಡೆಗೆ ಮರದ ದಂಡಿಗೆ ಕೂಡಿಸಿ ತಂಬೂರಿ, ಸಿತಾರ್ ಮಾಡಲು ಕಲಿತರು. ಇಂದಿಗೂ ಹಿಂದೂಸ್ತಾನಿ ಗಾಯಕರು ತಂಬೂರಿ ಬೇಕೆಂದರೆ ಮಿರಜಕ್ಕೆ ಹೋಗುತ್ತಾರೆ.