ಆಯುರ್ದಾನಿ ಶ್ರೀ ಗೋಪಾಲದಾಸರು

ಪುಷ್ಯ ಬಹುಳ ಅಷ್ಟಮಿಯು ಹರಿದಾಸಶ್ರೇಷ್ಠರಾದ ಶ್ರೀ ಗೋಪಾಲದಾಸಾರ್ಯರ ಆರಾಧನೆಯ ಪುಣ್ಯದಿನ. ಪುರಂದರ, ವಿಜಯ, ಗೋಪಾಲ, ಜಗನ್ನಾಥ ಎಂದು ನಾಲ್ವರು ದಾಸಾರ್ಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಮನೆಗಳ ರೂಢಿ. ಈ ನಾಲ್ವರಲ್ಲಿ ಎಲ್ಲರಿಗಿಂತ ಕಡಿಮೆ ಕಾಲ ಈ ಭೂಮಿಯ ಮೇಲಿದ್ದವರು ಗೋಪಾಲದಾಸರು. 1721ರಲ್ಲಿ ಅವತರಿಸಿ 1762ರಲ್ಲಿ ಹರಿಪುರವನ್ನು ಸೇರಿದ ಅವರ ಆಯುಷ್ಯ 41 ವರ್ಷ ಮಾತ್ರ. ಈ ಅಲ್ಪಾಯುಷ್ಯವು ದೈವವಶಾತ್ ಬಂದುದಲ್ಲ, ಗುರುವಿನ ಆಜ್ಞೆಯಂತೆ ತಮ್ಮ ಪಾಲಿನ ವರ್ಷಗಳನ್ನು ಮತ್ತೊಬ್ಬರಿಗೆ ಧಾರೆಯೆರೆದುದರಿಂದ ಆದುದು ಎಂದು ದಾಸಪರಂಪರೆಯು ನಂಬಿಕೊಂಡು ಬಂದಿದೆ. ಅಂತಹ ದಾನಕ್ಕೆ ಅವರ ಮನಸ್ಸು ಹೇಗೆ ಸಿದ್ಧವಾಗಿತ್ತೆಂಬುದನ್ನು ತಿಳಿಯಬೇಕಾದರೆ ಅವರ ಬಾಲ್ಯದಿಂದಲೇ ಆರಂಭಿಸಬೇಕು.

ಕೃಷ್ಣಾ ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಮೊಸರಕಲ್ಲು ಎಂಬುದೊಂದು ಗ್ರಾಮ. ಅಲ್ಲಿದ್ದ ಸದ್ಬ್ರಾಹ್ಮಣ ದಂಪತಿಗಳಾದ ಮುರಾರಿ ಮತ್ತು ವೆಂಕಮ್ಮನವರ ಹಿರಿಯ ಮಗನಾಗಿ ಜನಿಸಿದ ಬಾಲಕನಿಗೆ ಭಾಗಣ್ಣನೆಂದು ಹೆಸರಾಯಿತು. ಭಾಗಣ್ಣನ ಬೆನ್ನಿಗೆ ಮೂವರು ತಮ್ಮಂದಿರು. ಮಕ್ಕಳು ಇನ್ನೂ ಚಿಕ್ಕವರಿರುವಾಗಲೇ ತಂದೆಯು ತೀರಿಕೊಂಡರು. ಮನೆಯ ಯಜಮಾನನು ಹೋದ ಮೇಲೆ ಆಸ್ತಿಯ ಗತಿಯೇನಾಗುವುದೆಂಬುದನ್ನು ಹಳ್ಳಿಯಲ್ಲಿ ಬಾಳಿದವರಿಗೆ ವಿವರಿಸಬೇಕಾಗಿಲ್ಲ. ದಾಯಾದಿಗಳು ಹೊಲಮನೆಗಳನ್ನು ತಮ್ಮದಾಗಿಸಿಕೊಂಡರು. ನಾಲ್ಕು ಮಕ್ಕಳ ಕೈಹಿಡಿದು ವೆಂಕಮ್ಮನವರು ಗಂಡನ ಊರನ್ನು ಬಿಟ್ಟು ಹೊರಟರು. ನ್ಯಾಯವನ್ನು ಕೇಳಲು ಬಲವಿಲ್ಲ, ಬಲವಿದ್ದವರಿಗೆ ಕರುಣೆಯಿಲ್ಲ. ಪರಸ್ಥಳದಲ್ಲಿ ಆ ಸಂಸಾರವು ಪಟ್ಟ ಬಡತನವು ಅಷ್ಟಿಷ್ಟಲ್ಲ.

ಇಂತಹ ಸ್ಥಿತಿಯಲ್ಲಿ ಹಿರಿಯ ಮಗನಾದವನು ಮಾಡಬೇಕಾದುದೇನು? ದುಡಿಮೆಗೆ ಹೋಗಬಹುದಿತ್ತು, ದಾಯಾದಿಗಳ ಮೇಲೆ ಹಗೆಯನ್ನು ಸಾಧಿಸಬಹುದಿತ್ತು. ಉಪನಯನವಾದ ಭಾಗಣ್ಣನು ಗಾಯತ್ರೀಜಪಕ್ಕೆ ಕುಳಿತನು. ತಾಯಿಯು ತಂದುದನ್ನು ಉಂಡು, ಇಲ್ಲದ ದಿನ ನೀರನ್ನು ಕುಡಿದು, ಪುರಶ್ಚರಣೆಯ ನಿಯಮದಿಂದ ಜಪವನ್ನು ನಡೆಸಿದನು. ಮನೆಯಲ್ಲಿ ಕಾಳಿಲ್ಲದಿರುವಾಗ ಮಗನು ಕಣ್ಣುಮುಚ್ಚಿ ಕುಳಿತರೆ ತಾಯಿಗೆ ಏನೆನಿಸೀತು! ಆದರೆ ವೆಂಕಮ್ಮನವರು ಮಗನನ್ನು ಜಪದಿಂದ ಎಬ್ಬಿಸಲಿಲ್ಲ. ಆ ತಾಯಿಯ ತಾಳ್ಮೆಯನ್ನು ಚರಿತ್ರಕಾರರು ಹೆಚ್ಚಾಗಿ ವರ್ಣಿಸಿಲ್ಲವಾದರೂ ಗೋಪಾಲದಾಸರ ಭಕ್ತಿಗೆ ಅದೇ ಮೊದಲ ಆಸರೆಯೆಂದು ನಮಗೆ ತೋರುತ್ತದೆ.

ಜಪವು ಫಲಿಸಿತು. ಭಾಗಣ್ಣನವರ ಬಾಯಿಂದ ಹೊರಟ ಮಾತು ನಿಜವಾಗತೊಡಗಿತು. ಆದದ್ದನ್ನು ಹೇಳುವರು, ಆಗುವುದನ್ನು ಹೇಳುವರು ಎಂದು ಸುತ್ತಲಿನ ಸೀಮೆಯಲ್ಲೆಲ್ಲ ಪ್ರಸಿದ್ಧಿಯಾಯಿತು. ಜಾತಕವನ್ನು ಹಿಡಿದು ಬರುವವರು, ಕಳೆದ ದನವನ್ನು ಕೇಳಲು ಬರುವವರು, ಮಗುವಿನ ಆಯುಷ್ಯವೆಷ್ಟೆಂದು ಅಳುತ್ತ ಬರುವವರು, ಹೀಗೆ ಜನರು ಬಾಗಿಲಲ್ಲಿ ನೆರೆದರು. ಸಂಸಾರವು ಉತ್ತನೂರಿನಲ್ಲಿ ನೆಲೆಗೊಂಡಿತು. ಈ ಗ್ರಾಮವು 2016ರಲ್ಲಿ ರಚಿತವಾದ ತೆಲಂಗಾಣದ ಜೋಗುಳಾಂಬಾ ಗದ್ವಾಲ ಜಿಲ್ಲೆಗೆ ಸೇರಿದೆ. ಅಲ್ಲಿಯ ವೆಂಕಟೇಶನೇ ಭಾಗಣ್ಣನವರಿಗೆ ಆಶ್ರಯನಾದನು. ಹಸಿವು ನೀಗಿತು, ಹೆಸರೂ ಬಂದಿತು. ಲೋಕದೃಷ್ಟಿಯಿಂದ ನೋಡಿದರೆ ಕಥೆಯು ಇಲ್ಲಿಗೇ ಸುಖಾಂತವಾಗಿ ಮುಗಿಯಬಹುದಿತ್ತು.

ಆ ಕಾಲದಲ್ಲಿ ದಾಸಕೂಟದ ದೀಪವನ್ನು ಮತ್ತೆ ಹೊತ್ತಿಸಿದವರು ಚೀಕಲಪರವಿಯ ಶ್ರೀ ವಿಜಯದಾಸರು. 1682ರಲ್ಲಿ ಹುಟ್ಟಿ, ದಾಸಪ್ಪನೆಂಬ ಹೆಸರಿನಿಂದ ಬೆಳೆದು, ದಾರಿದ್ರ್ಯದ ಬೇಗೆಯನ್ನು ತಾವೂ ಚೆನ್ನಾಗಿ ಅನುಭವಿಸಿ, ಕಾಶಿಯಲ್ಲಿ ಸ್ವಪ್ನದಲ್ಲಿ ಪುರಂದರದಾಸರ ಅನುಗ್ರಹವನ್ನು ಪಡೆದವರು. ಅವರ ದೃಷ್ಟಿಯು ಭಾಗಣ್ಣನವರ ಮೇಲೆ ಬಿದ್ದಿತು. ನಾಳೆ ಆಗುವುದನ್ನು ಹೇಳುವ ಶಕ್ತಿಗಿಂತ ನಾಳೆಯನ್ನು ನಡೆಸುವವನ ಪಾದವನ್ನು ಹಿಡಿಯುವ ಭಕ್ತಿಯೇ ದೊಡ್ಡದೆಂಬುದನ್ನು ಶಿಷ್ಯನು ಗುರುವಿನ ಸನ್ನಿಧಿಯಲ್ಲಿ ಕಂಡುಕೊಂಡನು. ವಿಜಯದಾಸರು ಗೋಪಾಲವಿಠಲ ಎಂಬ ಅಂಕಿತವನ್ನಿತ್ತು ಅನುಗ್ರಹಿಸಿದರು. ಅಂದಿನಿಂದ ಭಾಗಣ್ಣನವರು ಗೋಪಾಲದಾಸರಾದರು. ತಮ್ಮಂದಿರು ಮೂವರೂ ಅಣ್ಣನ ಹಾದಿಯನ್ನೇ ಹಿಡಿದು ಗುರುಗೋಪಾಲವಿಠಲ, ವರದಗೋಪಾಲವಿಠಲ, ತಂದೆಗೋಪಾಲವಿಠಲ ಎಂಬ ಅಂಕಿತಗಳಿಂದ ಹರಿಯನ್ನು ಹಾಡಿದರು. ಹೊಲವನ್ನು ಕಳೆದುಕೊಂಡ ನಾಲ್ವರು ಅಣ್ಣತಮ್ಮಂದಿರಿಗೆ ಯಾವ ದಾಯಾದಿಯೂ ಕಸಿಯಲಾರದ ಆಸ್ತಿಯು ಹೀಗೆ ಪಾಲಿಗೆ ಬಂದಿತು.

ಗೋಪಾಲದಾಸರ ಪದಸುಳಾದಿಗಳನ್ನು ಹಾಡಿಕೊಳ್ಳುವವರು ಒಂದು ವಿಶೇಷವನ್ನು ಗಮನಿಸಿರಬಹುದು. ಅವುಗಳಲ್ಲಿ ಪಾಂಡಿತ್ಯದ ಪ್ರದರ್ಶನಕ್ಕಿಂತ ಮೊರೆಯೇ ಹೆಚ್ಚು. ತನ್ನ ದೋಷಗಳನ್ನು ತಾನೇ ಎಣಿಸಿ ಒಡೆಯನ ಮುಂದೆ ಇಡುವ ದೈನ್ಯವು ಅಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಭಕ್ತಿಯೆಂದರೆ ಭಾಗಣ್ಣನದು ಎಂಬ ಮಾತು ದಾಸರ ವಲಯದಲ್ಲಿ ಸುಮ್ಮನೆ ಹುಟ್ಟಲಿಲ್ಲ. ಹೆಳವನಕಟ್ಟೆ ಗಿರಿಯಮ್ಮನವರಂತಹ ಭಕ್ತೆಯೂ ಇವರ ಅನುಗ್ರಹಕ್ಕೆ ಪಾತ್ರರಾದರೆಂದು ಹೇಳುತ್ತಾರೆ.

ಇನ್ನು ಆಯುರ್ದಾನದ ಪ್ರಸಂಗ. ಮಾನವಿಯ ಬಳಿಯ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಮಂತ್ರಾಲಯದ ವಿದ್ವತ್ಪರಂಪರೆಯಲ್ಲಿ, ಶ್ರೀ ವರದೇಂದ್ರತೀರ್ಥರ ಬಳಿ ವ್ಯಾಸಂಗ ಮಾಡಿದ ಪ್ರಚಂಡ ಪಂಡಿತರು. ಸಂಸ್ಕೃತದಲ್ಲಿ ಅವರನ್ನು ಎದುರಿಸಿ ನಿಲ್ಲುವವರು ವಿರಳ. ಕನ್ನಡದಲ್ಲಿ ತಂಬೂರಿ ಹಿಡಿದು ಹಾಡುವ ದಾಸರನ್ನು ಕಂಡರೆ ಅವರಿಗೆ ಉದಾಸೀನ. ವಿಜಯದಾಸರು ಮಾನವಿಗೆ ಬಂದಿದ್ದಾಗ ತೀರ್ಥಪ್ರಸಾದಕ್ಕೆ ಬರಬೇಕೆಂದು ಆಚಾರ್ಯರಿಗೆ ಹೇಳಿಕಳುಹಿಸಿದರು. ದಾಸರ ಭಜನೆಯೆಲ್ಲ ಮುಗಿದು ಎಲೆ ಹಾಕುವ ವೇಳೆಗೆ ಹೊತ್ತು ಮೀರುವುದು, ಹೊತ್ತುಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುವುದು ಎಂಬ ನೆಪವನ್ನೊಡ್ಡಿ ಆಚಾರ್ಯರು ಹೋಗಲಿಲ್ಲ. ನೆಪವಾಗಿ ಹೇಳಿದ ಹೊಟ್ಟೆನೋವು ನಿಜವಾಗಿಯೇ ಬಂದಿತು. ಅನ್ನವು ಒಳಗೆ ನಿಲ್ಲದಾಯಿತು, ಔಷಧಗಳು ಸೋತವು, ಶರೀರವು ಕೃಶವಾಯಿತು. ಆಚಾರ್ಯರಿನ್ನು ಬದುಕುವುದಿಲ್ಲವೆಂದು ಮನೆಯವರು ಕೈಚೆಲ್ಲಿದರು.

ವಿಜಯದಾಸರು ಶಪಿಸಿದರೆಂದು ಕೆಲವರು ಈ ಕಥೆಯನ್ನು ಹೇಳುವುದುಂಟು. ನಮಗೆ ಅದು ಸಮ್ಮತವಲ್ಲ. ಕರೆದ ಊಟಕ್ಕೆ ಬಾರದವನನ್ನು ಶಪಿಸುವಷ್ಟು ಅಲ್ಪಮನಸ್ಸು ಆ ಮಹಾನುಭಾವರದಲ್ಲ. ಭಾಗವತರ ಅನಾದರವು ತನ್ನ ಫಲವನ್ನು ತಾನೇ ತರುತ್ತದೆ. ಅದನ್ನು ತರುವ ಹರಿಯೇ ಅದರೊಳಗೆ ಅನುಗ್ರಹವನ್ನೂ ಇಟ್ಟಿರುತ್ತಾನೆ. ಆಚಾರ್ಯರ ವಿಷಯದಲ್ಲಿ ಆದುದೂ ಇದೇ.

ವ್ಯಾಧಿಪೀಡಿತರಾದ ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಶ್ರೀ ರಾಘವೇಂದ್ರಸ್ವಾಮಿಗಳ ಸೇವೆಗೆ ನಿಂತರು. ವಿಜಯದಾಸರಲ್ಲಿಗೆ ಹೋಗಿ ಕ್ಷಮೆಯನ್ನು ಬೇಡಬೇಕೆಂದು ಗುರುರಾಜರು ಸ್ವಪ್ನದಲ್ಲಿ ಸೂಚಿಸಿದರು. ಪಂಡಿತನಾದವನಿಗೆ ಇದು ನುಂಗಲು ಸುಲಭವಾದ ಗುಳಿಗೆಯಲ್ಲ. ಆದರೂ ಹೋದರು, ಕಾಲಿಗೆ ಬಿದ್ದರು. ವಿಜಯದಾಸರು ಪ್ರೀತಿಯಿಂದ ಎತ್ತಿ ಕೂಡಿಸಿಕೊಂಡು, ಈ ವ್ಯಾಧಿಗೆ ಪರಿಹಾರವು ಉತ್ತನೂರಿನ ಭಾಗಣ್ಣನಲ್ಲಿದೆಯೆಂದು ತಿಳಿಸಿ ಅಲ್ಲಿಗೆ ಕಳುಹಿಸಿದರು. ಸ್ವತಃ ಸಮರ್ಥರಾದವರು ಶಿಷ್ಯನ ಬಳಿಗೆ ಏಕೆ ಕಳುಹಿಸಬೇಕು? ಒಬ್ಬನು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಬೇಕಾಗಿತ್ತು, ಮತ್ತೊಬ್ಬನು ಇನ್ನೂ ಒಂದು ಮೆಟ್ಟಿಲು ಮೇಲೇರಬೇಕಾಗಿತ್ತು. ಗುರುವು ಇಬ್ಬರನ್ನೂ ಒಂದೇ ಕಾರ್ಯದಲ್ಲಿ ತೊಡಗಿಸಿದನು.

ಆಚಾರ್ಯರಿಗೆ ಉಳಿದಿರುವ ಆಯುಷ್ಯವು ಅತ್ಯಲ್ಪವೆಂಬುದು ಗೋಪಾಲದಾಸರಿಗೆ ನೋಡಿದೊಡನೆಯೇ ತಿಳಿಯಿತು. ನೂರಾರು ಜನರ ಆಯುಷ್ಯವನ್ನು ಲೆಕ್ಕಹಾಕಿ ಹೇಳಿದವರಿಗೆ ಇದು ತಿಳಿಯದೆ ಇರುವುದೇ? ತಮ್ಮ ಆಯುಷ್ಯವೆಷ್ಟೆಂಬುದೂ ಅವರಿಗೆ ತಿಳಿದಿತ್ತು. ಅದರಲ್ಲಿ 40 ವರ್ಷಗಳನ್ನು ಈತನಿಗೆ ಕೊಡತಕ್ಕದ್ದೆಂಬುದೇ ಗುರುವಿನ ಆಜ್ಞೆ.

ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಯುಷ್ಯವನ್ನು ಕೊಟ್ಟವರ ಕಥೆಗಳು ಭಾರತದಲ್ಲಿ ಇಲ್ಲದಿಲ್ಲ. ಆದಿಪರ್ವದಲ್ಲಿ ರುರುವು ಹಾವು ಕಚ್ಚಿ ಮೃತಳಾದ ಪ್ರಮದ್ವರೆಗೆ ತನ್ನ ಆಯುಷ್ಯದ ಅರ್ಧವನ್ನಿತ್ತನು. ಆಕೆಯು ಅವನು ವರಿಸಿದ್ದ ಕನ್ಯೆ. ಪುರುವು ತನ್ನ ಯೌವನವನ್ನು ಯಯಾತಿಗೆ ಕೊಟ್ಟನು. ಅವನು ಹಡೆದ ತಂದೆ. ಅಲ್ಲದೆ ಆ ಯೌವನವು ಕಾಲಾಂತರದಲ್ಲಿ ಮರಳಿ ಬಂದಿತು, ರಾಜ್ಯವೂ ಜೊತೆಗೆ ಬಂದಿತು. ಗೋಪಾಲದಾಸರ ಮುಂದೆ ನಿಂತಿದ್ದವನಾದರೋ ಬಂಧುವಲ್ಲ, ಮಿತ್ರನಲ್ಲ. ತಮ್ಮ ಗುರುವನ್ನೇ ಹಗುರಾಗಿ ಕಂಡವನು. ಕೊಟ್ಟುದು ಮರಳಿ ಬರುವಂತಹುದೂ ಅಲ್ಲ. ಅಣ್ಣನನ್ನೇ ತಂದೆಯೆಂದು ನಂಬಿ ಬೆಳೆದ ತಮ್ಮಂದಿರು ಇದ್ದರು. ಬೇಡವೆನ್ನಲು ಕಾರಣಗಳು ಬೇಕಾದಷ್ಟಿದ್ದವು. ಆದರೆ ಅವರು ಏಕೆಂದು ಕೇಳಲಿಲ್ಲ, ಇವನಿಗೇಕೆಂದೂ ಕೇಳಲಿಲ್ಲ.

ಇನ್ನೊಂದು ಸಂದೇಹವುಂಟು. ಶ್ರೀಮದಾಚಾರ್ಯರ ಸಿದ್ಧಾಂತದಂತೆ ಜೀವನು ಸರ್ವಥಾ ಅಸ್ವತಂತ್ರ. ಉಸಿರೂ ಅವನದಲ್ಲ, ಶ್ವಾಸನಿಯಾಮಕನಾದ ಮುಖ್ಯಪ್ರಾಣನ ಅಧೀನ. ಮುಖ್ಯಪ್ರಾಣನೂ ಶ್ರೀಹರಿಯ ಅಧೀನ. ಹೀಗಿರುವಾಗ ತನ್ನದಲ್ಲದ ಆಯುಷ್ಯವನ್ನು ಜೀವನು ಕೊಡುವುದೆಂತು? ಇದಕ್ಕೆ ಉತ್ತರವು ದಾಸರ ನಡವಳಿಕೆಯಲ್ಲಿಯೇ ಇದೆ. ಅವರು ಕೊಟ್ಟೆನೆಂದು ನೀರು ಬಿಡಲಿಲ್ಲ, ಬೇಡಿಕೊಂಡರು. ಧನ್ವಂತರಿರೂಪಿಯಾದ ಹರಿಯ ಮುಂದೆ ನಿಂತು ಈತನ ರೋಗವನ್ನು ಕಳೆದು ಆಯುರಾರೋಗ್ಯವನ್ನು ಕರುಣಿಸಬೇಕೆಂದು ಹಾಡಿ ಪ್ರಾರ್ಥಿಸಿದರು. ಆ ಪದವನ್ನು ರೋಗಿಯ ಹಾಸಿಗೆಯ ಬಳಿ ಕುಳಿತು ಹೇಳಿಕೊಳ್ಳುವ ಪದ್ಧತಿಯು ಮಾಧ್ವ ಮನೆಗಳಲ್ಲಿ ಇಂದಿಗೂ ಉಂಟು. ದಾತನು ಒಬ್ಬನೇ, ದಾಸನದು ಬಿನ್ನಹ ಮಾತ್ರ. ತನ್ನ ಪಾಲಿಗೆಂದು ಒಡೆಯನು ಇಟ್ಟುದನ್ನು ಒಡೆಯನು ಬೇರೆಯವನಿಗೆ ಬಡಿಸಿದರೆ ನನಗೆ ದುಃಖವಿಲ್ಲ ಎಂಬ ಸಮ್ಮತಿಯೇ ಅವರ ದಾನ. ಹಸಿದ ಮನೆಯಲ್ಲಿ ಬೆಳೆದ ಹಿರಿಯ ಮಗನಿಗೆ ತನ್ನ ತುತ್ತನ್ನು ಬದಿಯ ಎಲೆಗೆ ಜರುಗಿಸುವುದು ಹೊಸ ವಿದ್ಯೆಯೇನಲ್ಲ.

ಪ್ರಾರ್ಥನೆಯಾದ ಮೇಲೆ ದಾಸರು ಆಚಾರ್ಯರ ಕೈಗೆ ಇತ್ತುದು ಭಸ್ಮವಲ್ಲ, ರಸೌಷಧವಲ್ಲ. ಮನೆಯಲ್ಲಿ ತಟ್ಟಿದ ಜೋಳದ ರೊಟ್ಟಿ! ತಿಳಿಯನ್ನವೂ ಸೇರದ ಹೊಟ್ಟೆಗೆ ಜೋಳದ ರೊಟ್ಟಿಯೆಂದರೆ ಯಾವ ವೈದ್ಯನು ಒಪ್ಪಿಯಾನು? ಅಂದು ಪಂಡಿತರು ತರ್ಕವನ್ನು ಬಿಟ್ಟರು. ವಿಜಯದಾಸರ ಪಂಕ್ತಿಯ ಮೃಷ್ಟಾನ್ನವನ್ನು ಬೇಡವೆಂದವರು ಉತ್ತನೂರಿನ ಒಣರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಉಂಡರು. ರೊಟ್ಟಿಯು ಅರಗಿತು. ನೋವು ಇಳಿಯಿತು. ಶರೀರದೊಡನೆ ಮನಸ್ಸಿನ ಬಿಗುವೂ ಇಳಿದು, ದಾಸರ ಮನೆಯಲ್ಲಿ ಶಿಷ್ಯರಾಗಿ ಉಳಿದರು.

ಅನಂತರ ಗುರುವಿನ ಅಪ್ಪಣೆಯಂತೆ ಶ್ರೀನಿವಾಸಾಚಾರ್ಯರು ಪಂಢರಪುರಕ್ಕೆ ಹೋದರು. ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆಯು ದೊರೆಯಿತೆಂಬುದು ಪ್ರಸಿದ್ಧವಾಗಿದೆ. ಕನ್ನಡವನ್ನು ಕೀಳೆಂದವರ ಲೇಖನಿಯಿಂದಲೇ ಮುಂದೆ ಭಾಮಿನೀಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವು ಹೊರಹೊಮ್ಮಿತು. ಮಧ್ವಶಾಸ್ತ್ರದ ಪ್ರಮೇಯಗಳನ್ನು ಸಂಸ್ಕೃತವರಿಯದ ಸ್ತ್ರೀಯರೂ ಮಕ್ಕಳೂ ಬಾಯಿಪಾಠವಾಗಿ ಹೇಳುವಂತೆ ಮಾಡಿದ ಗ್ರಂಥವದು. ಉತ್ತನೂರಿನಲ್ಲಿ ಅಂದು ಆಜ್ಞೆಯನ್ನು ಪಾಲಿಸಿದ ಗೋಪಾಲದಾಸರಿಗೆ ಇಂತಹದೊಂದು ಗ್ರಂಥವು ಬರುವುದೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ವಿಜಯದಾಸರು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ದೇಹವನ್ನು ಬಿಟ್ಟರು. ಗುರುವಿಲ್ಲದ ಉಳಿದ ಕೆಲವೇ ವರ್ಷಗಳನ್ನು ಗೋಪಾಲದಾಸರು ಹರಿಯ ಹಾಡಿನಲ್ಲಿಯೇ ಕಳೆದು, ಕೊಡಬೇಕಾದುದನ್ನೆಲ್ಲ ಕೊಟ್ಟು ಮುಗಿಸಿ, 1762ರಲ್ಲಿ ಉತ್ತನೂರಿನಲ್ಲಿ ವೆಂಕಟೇಶನ ಸನ್ನಿಧಿಯನ್ನು ಸೇರಿದರು. ಜಗನ್ನಾಥದಾಸರು ಮಾನವಿಯಲ್ಲಿ ನೆಲೆಸಿ ಪಾಠಪ್ರವಚನಗಳನ್ನು ನಡೆಸುತ್ತ 1809ರ ಭಾದ್ರಪದ ಶುದ್ಧ ನವಮಿಯವರೆಗೆ ಬಾಳಿದರು. ಗುರುವಿನ ಆಯುಷ್ಯ 41, ಶಿಷ್ಯನದು 81. ಅಂತರವನ್ನು ಓದುಗರೇ ಎಣಿಸಿಕೊಳ್ಳಬಹುದು.