ಕೇಳಿದ್ದನ್ನು ಮಾಡಿ ನೋಡಿದ ಮೈಕೆಲ್ ಫ್ಯಾರಡೆ

ವಿದ್ಯುತ್ ಮತ್ತು ಕಾಂತತ್ವದ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ ಫ್ಯಾರಡೆಯವರ ಹೆಸರನ್ನು ಬರೆದೇ ಬರೆಯುತ್ತಾರೆ. ಹೆಸರು, ಇಸವಿ, ನಿಯಮ ಹೇಳಿದರೆ ಪೀಠಿಕೆ ಮುಗಿಯುತ್ತದೆ. ಆದರೆ ತಿಳಿದವರ ಮಾತನ್ನು ಹೇಗೆ ಕೇಳಬೇಕು, ಕೇಳಿದ್ದನ್ನು ಯಾವಾಗ ಒಪ್ಪಬೇಕು ಎಂಬುದಕ್ಕೆ ಅವರ ಬದುಕೇ ಒಳ್ಳೆಯ ಪಾಠ.

ಮೈಕೆಲ್ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಕಮ್ಮಾರ, ಆರೋಗ್ಯ ಸರಿಯಿರಲಿಲ್ಲ, ಮನೆಯಲ್ಲಿ ಬಡತನ. ಹುಡುಗ ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ. 13ನೇ ವಯಸ್ಸಿಗೆ ಜಾರ್ಜ್ ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಸೇರಿದ. ಮರುವರ್ಷದಿಂದ ಏಳು ವರ್ಷ ಅಲ್ಲಿಯೇ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತ.

ಕೈಗೆ ಬಂದ ಪುಸ್ತಕಗಳನ್ನು ಓದುವುದೂ ಅವನಿಗೆ ರೂಢಿಯಾಯಿತು. ಅವುಗಳಲ್ಲಿ ಒಂದು, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಪುಸ್ತಕ. ಅದು ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಸಂಭಾಷಣೆಯ ರೂಪದಲ್ಲಿತ್ತು. ಹುಡುಗಿಯರು ಕೇಳುತ್ತಾರೆ, ಅನುಮಾನಪಡುತ್ತಾರೆ. ಶಿಕ್ಷಕಿ ಪ್ರಯೋಗ ಮಾಡಿ ತೋರಿಸುತ್ತಾರೆ. ಮೈಕೆಲ್ ಅಷ್ಟಕ್ಕೇ ತೃಪ್ತನಾಗಲಿಲ್ಲ. ಪುಸ್ತಕ ಹೇಳಿದ್ದು ನಿಜವೇ ಎಂದು ತನ್ನ ಅಳವಿಗೆ ಬಂದ ಸಣ್ಣ ಪ್ರಯೋಗಗಳನ್ನು ತಾನೇ ಮಾಡಿದ. ನಿಜವೆಂದು ಕಂಡ ಮೇಲೆ ಆ ಪುಸ್ತಕದ ಮೇಲೆ ಅವನಿಗೆ ಭರವಸೆ ಬಂತು. ದೊಡ್ಡ ವಿಜ್ಞಾನಿಯಾದ ಮೇಲೂ ಅವರು ಮಾರ್ಸೆಟ್‌ರನ್ನು ತಮ್ಮ ಮೊದಲ ಗುರುವೆಂದೇ ನೆನೆದರು.

1810ರಿಂದ ಜಾನ್ ಟೇಟಮ್ ಎಂಬುವರ ಸಂಜೆ ಉಪನ್ಯಾಸಗಳಿಗೆ ಹೋಗತೊಡಗಿದ. ಒಂದು ಉಪನ್ಯಾಸಕ್ಕೆ ಒಂದು ಷಿಲಿಂಗ್. ಅದನ್ನು ಕೊಟ್ಟವನು ಅಣ್ಣ ರಾಬರ್ಟ್. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯಲಿದ್ದ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಮೈಕೆಲ್ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಚಿತ್ರಸಹಿತ ಮತ್ತೆ ಬರೆದು, ತಾನೇ ರಟ್ಟು ಕಟ್ಟಿ ಡೇವಿಯವರಿಗೆ ಕಳುಹಿಸಿದ. 1813ರ ಮಾರ್ಚ್‌ನಲ್ಲಿ ಅವರ ಪ್ರಯೋಗಾಲಯದ ಸಹಾಯಕನಾದ. ಅದೇ ವರ್ಷ ಡೇವಿ ದಂಪತಿಯೊಂದಿಗೆ ಯುರೋಪ್ ಪ್ರವಾಸ. ಅಲ್ಲಿ ಸೇವಕನ ಕೆಲಸವನ್ನೂ ಮಾಡಬೇಕಾಯಿತು. ಅವಮಾನ ನುಂಗಿಕೊಂಡರೂ ಆಂಪೇರ್, ವೋಲ್ಟರಂಥವರನ್ನು ಕಾಣುವ ಅವಕಾಶ ಸಿಕ್ಕಿತು.

ಗುರುಗಳೊಂದಿಗಿನ ಸಂಬಂಧ ಸದಾ ನೆಮ್ಮದಿಯದಾಗಿರಲಿಲ್ಲ. 1821ರಲ್ಲಿ ಫ್ಯಾರಡೆಯವರು ವಿದ್ಯುತ್ ಹರಿಯುವ ತಂತಿ ಕಾಂತದ ಸುತ್ತ ಸುತ್ತುವಂತೆ ಮಾಡಿ, ಆ ಬರಹವನ್ನು ಬೇಗನೆ ಪ್ರಕಟಿಸಿದರು. ವೊಲಾಸ್ಟನ್ ಮತ್ತು ಡೇವಿ ಅದಕ್ಕೆ ಮೊದಲೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಬರಹದಲ್ಲಿ ಅವರ ಹೆಸರಿರಲಿಲ್ಲ. ಬೇರೆಯವರ ವಿಚಾರ ಕದ್ದರೆಂಬ ಮಾತು ಹುಟ್ಟಿತು. ಫ್ಯಾರಡೆ ವೊಲಾಸ್ಟನ್‌ರಿಗೆ ನೇರವಾಗಿ ಪತ್ರ ಬರೆದು ವಿವರಣೆ ಕೊಟ್ಟರು. 1823ರಲ್ಲಿ ರಾಯಲ್ ಸೊಸೈಟಿಗೆ ಅವರ ಹೆಸರು ಬಂದಾಗ ವಿರೋಧಿಸಿದವರು ಡೇವಿಯವರೇ. ಆದರೂ ಫ್ಯಾರಡೆ ಆಯ್ಕೆಯಾದರು.

ಕಾಂತದಿಂದ ವಿದ್ಯುತ್ ಪಡೆಯಲು ಹಲವು ಸಲ ಪ್ರಯತ್ನಿಸಿ ಸೋತರು. ಸೋಲನ್ನೂ ದಿನಚರಿಯಲ್ಲಿ ಬರೆದಿಟ್ಟರು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ನೋಡಿದಾಗ, ಮೊದಲ ಸುರುಳಿಗೆ ಬ್ಯಾಟರಿ ಜೋಡಿಸುವ ಮತ್ತು ತೆಗೆಯುವ ಕ್ಷಣದಲ್ಲಿ ಮಾತ್ರ ಎರಡನೆಯದರ ಬಳಿಯ ಸೂಜಿ ಅಲುಗಿತು. ವಿದ್ಯುತ್ಕಾಂತೀಯ ಪ್ರೇರಣೆ ಸಿಕ್ಕಿದ್ದು ಹೀಗೆ.

ತರಗತಿಗೆ ಹೆಚ್ಚು ಉಪಯೋಗವಾಗುವ ಘಟನೆ 1853ರದು. ಆಗ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ಕೆಲವರು ಮೇಜಿನ ಸುತ್ತ ಕುಳಿತು ಕೈಯಿಟ್ಟರೆ ಮೇಜು ತಾನಾಗಿ ಚಲಿಸುತ್ತಿತ್ತು. ಪ್ರೇತವೆಂದರು ಕೆಲವರು, ವಿದ್ಯುತ್ತೆಂದರು ಕೆಲವರು. ಫ್ಯಾರಡೆ ನಗಲಿಲ್ಲ, ಬೈಯಲೂ ಇಲ್ಲ. ಪ್ರಾಮಾಣಿಕರೆಂದು ತಮಗೆ ಗೊತ್ತಿದ್ದವರನ್ನೇ ಕರೆಸಿದರು. ಕೆಲವು ರಟ್ಟಿನ ಹಾಳೆಗಳ ನಡುವೆ ಮೆದುವಾದ ಅಂಟು ಇಟ್ಟು, ಒಂದರ ಮೇಲೊಂದು ಜೋಡಿಸಿ ಮೇಜಿನ ಮೇಲಿಟ್ಟರು. ಮೇಜು ತಾನಾಗಿ ಚಲಿಸಿದರೆ ಕೆಳಗಿನ ಹಾಳೆ ಮುಂದೆ ಹೋಗಬೇಕು. ಕೈ ತಳ್ಳಿದರೆ ಮೇಲಿನದು. ನೋಡಿದರೆ ಮೇಲಿನ ಹಾಳೆಗಳೇ ಮುಂದೆ ಸರಿದಿದ್ದವು. ಬಳಿಕ ಕೈಯ ಒತ್ತಡವನ್ನು ತೋರಿಸುವ ಕಡ್ಡಿಯೊಂದನ್ನು ಕಣ್ಣೆದುರು ನಿಲ್ಲಿಸಿದರು. ಕಡ್ಡಿ ಕಾಣುತ್ತಿರುವಾಗ ಮೇಜು ಕದಲಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ತಮಗರಿವಿಲ್ಲದೆ ತಾವೇ ತಳ್ಳುತ್ತಿದ್ದರು. ಇದನ್ನು ಅವರು ಪತ್ರಿಕೆಗೆ ಬರೆದರು. ಆದರೂ ಹಲವರು ಒಪ್ಪಲಿಲ್ಲ.

ಆ ನಿರಾಸೆಯೇ 1854ರಲ್ಲಿ ಮನಸ್ಸಿನ ಶಿಕ್ಷಣದ ಬಗ್ಗೆ ಅವರು ಕೊಟ್ಟ ಉಪನ್ಯಾಸಕ್ಕೆ ಹಿನ್ನೆಲೆ. ನಮಗೆ ಬೇಕಾದ್ದನ್ನೇ ನಂಬುವ ಚಪಲವನ್ನು ನಾವೇ ಕಾಯಬೇಕು, ಸಾಕಷ್ಟು ಆಧಾರ ಸಿಗುವವರೆಗೆ ತೀರ್ಮಾನ ತಡೆಹಿಡಿಯಬೇಕು ಎಂಬುದು ಅದರ ಸಾರ. ಫ್ಯಾರಡೆ ಕಡೆಯವರೆಗೂ ದೈವಭಕ್ತರಾಗಿದ್ದರು. ತಮ್ಮ ಧರ್ಮಶ್ರದ್ಧೆಯನ್ನು ಈ ವಿಚಾರದಿಂದ ಬೇರೆಯಾಗಿಯೇ ಇಟ್ಟರು.

ಗೊತ್ತಿಲ್ಲದ್ದನ್ನು ಕೇಳಲು ಅವರಿಗೆ ನಾಚಿಕೆಯಿರಲಿಲ್ಲ. ಗಣಿತ ಅವರಿಗೆ ಒಲಿದಿರಲಿಲ್ಲ. 1857ರಲ್ಲಿ, ತಮಗಿಂತ 40 ವರ್ಷ ಚಿಕ್ಕವರಾದ ಮ್ಯಾಕ್ಸ್‌ವೆಲ್‌ಗೆ ಪತ್ರ ಬರೆದು, ಗಣಿತಜ್ಞರು ತಮ್ಮ ಫಲಿತಾಂಶಗಳನ್ನು ಸಾಮಾನ್ಯ ಭಾಷೆಯಲ್ಲೂ ಹೇಳಬಾರದೇ ಎಂದು ಕೇಳಿದರು. ಮಕ್ಕಳಿಗಾಗಿ ಕ್ರಿಸ್‌ಮಸ್ ವೇಳೆ 19 ಉಪನ್ಯಾಸ ಮಾಲೆಗಳನ್ನು ಕೊಟ್ಟರು. ಒಂದು ಮೇಣದಬತ್ತಿಯೇ ಅವುಗಳಲ್ಲಿ ಒಂದು ಮಾಲೆಗೆ ಸಾಕಾಗಿತ್ತು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ತೀರಿಕೊಂಡರು.

ಬೋಧನಾಭ್ಯಾಸದ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದು, ಇದು ನಿಜವೇ ಸಾರ್ ಎಂದು ಕೇಳಿದಾಗ, ಹಿಂದೆ ಕುಳಿತ ವೀಕ್ಷಕರನ್ನು ನೆನೆದು ನಮಗೆ ಗಾಬರಿಯಾಗುತ್ತದೆ. ಪುಸ್ತಕದಲ್ಲಿದೆ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆ ಒಂದು ಉತ್ತರದಿಂದ ಅವನ ಮುಂದಿನ ಪ್ರಶ್ನೆಗಳೂ ನಿಂತುಬಿಡಬಹುದು. ಅದರ ಬದಲು, ನಿಜವೋ ಸುಳ್ಳೋ ತಿಳಿಯಲು ಏನು ಮಾಡಿ ನೋಡೋಣ ಎಂದು ಅವನನ್ನೇ ಕೇಳಬಹುದು. ಪಾಠ ಯೋಜನೆಯಲ್ಲಿ ಅದಕ್ಕಾಗಿ ಐದು ನಿಮಿಷ ಬಿಟ್ಟಿರಲಿ.