21 ವರ್ಷ ತೂಗಿದ ಆಯ್ಕೆ

ಇಂದಿನ ಚಿಂತನೆ

ಬಂಧುಗಳೇ, ಆಯ್ಕೆಗಳು ಹೆಚ್ಚಾದಷ್ಟೂ ಮನಸ್ಸು ಚಂಚಲವಾಗುತ್ತದೆ. ಬಾಬಾಸಾಹೇಬರ ಎದುರಿಗೂ ಒಮ್ಮೆ ಹಲವು ದಾರಿಗಳಿದ್ದವು.

ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಅವರು ತಾವೇ ಬರೆದ ಬುದ್ಧಚರಿತ್ರೆಯನ್ನು ಬಾಲಕ ಭೀಮರಾಯರಿಗೆ ಉಡುಗೊರೆ ಕೊಟ್ಟಿದ್ದರು. ಆ ಬೀಜ ಮರವಾಗಲು ದಶಕಗಳೇ ಬೇಕಾದವು.

1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಸಾರಿದರು. ಇಸ್ಲಾಂ, ಕ್ರೈಸ್ತ, ಸಿಖ್ ಮುಖಂಡರೆಲ್ಲ ತಮ್ಮಲ್ಲಿಗೆ ಕರೆದರು. ಅವರು ಅವಸರಪಡಲಿಲ್ಲ. 1936ರಲ್ಲಿ ಅಮೃತಸರದ ಸಿಖ್ ಸಮ್ಮೇಳನಕ್ಕೆ ಹೋದರು. ಓದಿದರು, ತೂಗಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಇವೇ ಅವರ ತಕ್ಕಡಿ. ನಡುವೆ ಸಂವಿಧಾನದ ಹೊಣೆ, ಮಂತ್ರಿ ಪದವಿ, ಸಕ್ಕರೆ ಕಾಯಿಲೆ. ಆದರೂ 1950ರಲ್ಲಿ ಕೊಲಂಬೊಗೆ, 1954ರಲ್ಲಿ ರಂಗೂನಿಗೆ ಹೋಗಿ ಬೌದ್ಧರ ನಾಡುಗಳನ್ನು ಕಣ್ಣಾರೆ ಕಂಡರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಭಿಕ್ಖು ಚಂದ್ರಮಣಿಯವರಿಂದ ತಿಸರಣ, ಪಂಚಶೀಲ ಸ್ವೀಕರಿಸಿದರು. ಬಳಿಕ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಆರಿಸಿದ ಮೇಲೆ ಮತ್ತೆ ಹಿಂತಿರುಗಿ ನೋಡಲಿಲ್ಲ. ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು. ದೀಕ್ಷೆಯ ನಂತರ ಅವರಿಗೆ ದೊರೆತದ್ದು 53 ದಿನ ಮಾತ್ರ.

ಇಂದು ನಮ್ಮ ಬೆರಳ ತುದಿಯಲ್ಲಿ ನೂರು ಗುರುಗಳು, ಸಾವಿರ ವಿಡಿಯೊಗಳು. ಒಂದು ಮುಗಿಯುವ ಮೊದಲೇ ಮನಸ್ಸು ಇನ್ನೊಂದಕ್ಕೆ ಜಿಗಿಯುತ್ತದೆ. ಸಂಜೆಗೆ ಉಳಿಯುವುದು ದಣಿವೊಂದೇ. ನಮ್ಮ ಕೆಲವು ಮನೆಗಳಲ್ಲಿ ಬುದ್ಧನ ಪಟದ ಪಕ್ಕದಲ್ಲೇ ಹಳೆಯ ಹರಕೆಗಳೂ ಉಳಿದಿವೆ. ಅವರು 21 ವರ್ಷ ತೂಗಿ ಹಿಡಿದದ್ದನ್ನು ನಾವು ಅರೆಮನಸ್ಸಿನಿಂದ ಹಿಡಿದರೆ ನೆಮ್ಮದಿ ಎಲ್ಲಿಂದ ಬಂದೀತು?

ಪಂಚಶೀಲದಲ್ಲಿ ಒಂದನ್ನು ಆರಿಸಿಕೊಂಡು, ಇಂದು ಮಲಗುವವರೆಗೆ ಅದರಂತೆಯೇ ನಡೆಯೋಣ.

ಜೈಭೀಮ್. ನಮೋ ಬುದ್ಧಾಯ.